ಶನಿವಾರ ಎರಡು ಕಾಯಿ ಹಿಡಿದು ಹೋಗು

ಬಿಡುವು ತಿಂಗಳ ಮೂರನೆಯ ದಿನ, ೨೧೭೪
ತಿಪಟೂರು ಸೀಮೆ

ಪೂಜ್ಯ ಮುತ್ತಜ್ಜಿಯ ತಾಯಿಯವರಿಗೆ ನಮಸ್ಕಾರ ಎಂದು ಬರೆಯಬೇಕೋ, ಚಿರಂಜೀವಿ ಶಾಂಭವಿಗೆ ಆಶೀರ್ವಾದ ಎಂದು ಬರೆಯಬೇಕೋ ತಿಳಿಯದೆ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ವಂಶದ ಲೆಕ್ಕದಲ್ಲಿ ನೀನು ನನ್ನ ಮುತ್ತಜ್ಜಿಯನ್ನು ಹೆತ್ತವಳು. ವಯಸ್ಸಿನ ಲೆಕ್ಕದಲ್ಲಿ ನಿನಗೆ ಇಪ್ಪತ್ತನಾಲ್ಕು, ನನಗೆ ಅರವತ್ತೊಂದು. ಕೊನೆಗೆ ವಯಸ್ಸೇ ಗೆದ್ದಿತು. ಆದ್ದರಿಂದ ನಾನು ಪಂಚಾಕ್ಷರಿ ಮಾವ, ನೀನು ನನ್ನ ಅಕ್ಕನ ಮಗಳಿದ್ದ ಹಾಗೆ. ತಲೆಯ ಮೇಲೆ ಕುಟ್ಟುವ ಹಕ್ಕು ನನಗಿದೆ ಎಂದು ತಿಳಿದುಕೋ.

ಮೇಲಿನ ತಾರೀಖನ್ನು ನೋಡಿ ಗಾಬರಿಯಾಗಬೇಡ. ಬಿಡುವು ಎಂಬುದು ನಮ್ಮ ಹದಿಮೂರನೆಯ ತಿಂಗಳು, ಉಳಿದ ತಿಂಗಳುಗಳಿಂದ ಒಂದೊಂದು ದಿನ ಕಿತ್ತು ಮಾಡಿದ್ದು. ಆ ಹನ್ನೆರಡು ದಿನ ಯಾರೂ ಯಾರಿಗೂ ಕೆಲಸ ಹೇಳುವಂತಿಲ್ಲ. ನನ್ನ ಮಾತಿನಲ್ಲಿ ನಿನಗೆ ಗೊತ್ತಿಲ್ಲದ ಪದಗಳು ಬಂದರೆ ಮನ್ನಿಸು. ನಾನು ಓದಿದ್ದು ಊರ ಶಾಲೆಯಲ್ಲಿ, ಅದೂ ಏಳನೆಯ ತರಗತಿವರೆಗೆ. ಆದರೂ ಈ ಸೀಮೆಯಲ್ಲಿ ನನ್ನಷ್ಟು ಚೆನ್ನಾಗಿ ಕಾಗದ ಬರೆಯುವವರು ಇನ್ನೊಬ್ಬರಿಲ್ಲ. ಇದು ಜಂಬವಲ್ಲ. ಕೈಯಲ್ಲಿ ಬರೆಯುವವರೇ ಇಲ್ಲಿ ಮೂರು ಜನ, ಉಳಿದಿಬ್ಬರಿಗೆ ಕೈ ನಡುಗುತ್ತದೆ.

ಈ ಕಾಗದ ಬರುವುದು ಹಿಂದಂಚೆಯಲ್ಲಿ. ಕಳೆದ ಕಾಲಕ್ಕೆ ಹೋಗುವ ಅಂಚೆಗೆ ನಾವಿಟ್ಟ ಹೆಸರು ಅದು. ಒಬ್ಬೊಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದ. ನಮ್ಮ ಬೀದಿಯವರು ತಮ್ಮ ಪಾಲಿನದನ್ನು ಹಳೆಯ ಪ್ರೇಮಕ್ಕೂ ಜಮೀನಿನ ತಕರಾರಿಗೂ ಬಳಸಿ ಮುಗಿಸಿದ್ದಾರೆ. ನಾನು ಮಾತ್ರ ಮೂವತ್ತು ವರ್ಷ ಕಾದಿಟ್ಟುಕೊಂಡಿದ್ದೆ. ಅದನ್ನು ನಿನ್ನ ಶನಿವಾರಕ್ಕೆ ಖರ್ಚು ಮಾಡುತ್ತಿದ್ದೇನೆ.

ನಿನ್ನ ಶನಿವಾರ ನನಗೆ ಹೇಗೆ ಗೊತ್ತು ಎಂದರೆ, ನೀನು ದಿನಚರಿ ಬರೆದಿಟ್ಟ ಗೆರೆ ಪುಸ್ತಕ ನಮ್ಮ ಮನೆಯಲ್ಲಿದೆ. ರಟ್ಟು ಹೋಗಿದೆ, ಒಳಗಿನ ಅಕ್ಷರ ಗಟ್ಟಿಯಾಗಿದೆ. ನಾಡಿದ್ದು ನೀನು ತುಮಕೂರಿನಲ್ಲಿ ನಡೆಯುವ ಸ್ಟಾರ್ಟಪ್ ಮತ್ತು ತಂತ್ರಜ್ಞಾನ ಸಮ್ಮಿಲನಕ್ಕೆ ಹೋಗುತ್ತೀಯ, ಮೊದಲ ಬಾರಿಗೆ. ಚೀಲದಲ್ಲಿ ನೀನು ಮಾಡಿದ ಡಬ್ಬಿ ಇರುತ್ತದೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ತೆಂಗಿನಕಾಯಿಯನ್ನು ಅದರ ಮುಂದೆ ಅಲ್ಲಾಡಿಸಿದರೆ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಡಬ್ಬಿ ಸದ್ದು ಕೇಳಿ ಹೇಳಬೇಕು. ನಿನ್ನ ಅಜ್ಜ ಮರುಳಪ್ಪನವರು ಅದನ್ನು ಬರಿಗಿವಿಯಲ್ಲಿ ಹೇಳುತ್ತಿದ್ದರು. ಬರೀ ಆಗಿದೆ, ಆಗಿಲ್ಲ ಎಂದಲ್ಲ. ಇನ್ನೂ ಎಷ್ಟು ದಿನ ಬೇಕು ಎಂಬುದನ್ನೂ ಹೇಳುತ್ತಿದ್ದರಂತೆ. ಈಗ ಅವರ ಎಡಗಿವಿ ಮಂದವಾಗಿದೆ, ಬಲಗಿವಿ ಅದರ ಹಿಂದೆಯೇ ಹೊರಟಿದೆ. ಅದು ಹೋಗುವುದರೊಳಗೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಬ್ಬಿಗೆ ಕಲಿಸಬೇಕೆಂಬುದು ನಿನ್ನ ಆಸೆ. ಆದರೆ ಪಕ್ಕದ ಕಾಯಿ ಸುಲಿಯುವ ಯಂತ್ರದ ಗದ್ದಲದಲ್ಲಿ ಡಬ್ಬಿ ತಬ್ಬಿಬ್ಬಾಗುತ್ತದೆ. ಅಲ್ಲಿಗೆ ನಿಂತುಹೋಗಿದೆ ನಿನ್ನ ಕೆಲಸ.

ಆ ಶನಿವಾರ ರಾತ್ರಿ ನೀನು ಬರೆದದ್ದು ಇಷ್ಟೆ: ‘ಬೆಳಿಗ್ಗೆಯಿಂದ ಸಂಜೆವರೆಗೆ ನಿಂತಿದ್ದೆ. ಯಾರೂ ಕೈಯಲ್ಲಿರುವುದನ್ನು ಕೆಳಗಿಡಲಿಲ್ಲ.’

ನಮ್ಮ ಸೀಮೆಯಲ್ಲಿ ಹುಟ್ಟದವರಿಗೆ ಇದು ಅರ್ಥವಾಗುವುದಿಲ್ಲ, ನನಗೆ ಓದಿದೊಡನೆ ತಿಳಿಯಿತು. ನಿನಗೆ ನಾಲ್ಕು ವರ್ಷವಿದ್ದಾಗ ಅಜ್ಜ ಕಾಯಿ ಕಿವಿಗೆ ಹಿಡಿದ ಹೊತ್ತಿನಲ್ಲಿ ನೀನು ಮಿಠಾಯಿ ಕೇಳಿ, ಅವರು ಹೇಳಿದ ಮಾತನ್ನು ನೀನೇ ಬರೆದಿಟ್ಟಿದ್ದೀಯ. ‘ಕಾಯಿ ಕೈಲಿರೋರ್ನ ಮಾತಾಡ್ಸಬಾರ್ದು ಕಣವ್ವ. ಅದು ಹೇಳೋದು ನಿಲ್ಲಿಸ್ಬುಡ್ತದೆ.’ ಆ ಮನೆಯಲ್ಲಿ ಬೆಳೆದವಳು ನೀನು, ಇಪ್ಪತ್ತು ವರ್ಷ ಹಾಗೆಯೇ ನಡೆದುಕೊಂಡೆ. ಎದುರಿನವರು ಕೈಯಲ್ಲಿರುವುದನ್ನು ಕೆಳಗಿಟ್ಟ ಮೇಲೆ ಮಾತು. ಆದರೆ ಕೂಸೇ, ಆ ಸಭಾಂಗಣದಲ್ಲಿ ಇನ್ನೂರು ಜನ, ಇನ್ನೂರು ಕೈಯಲ್ಲೂ ಮೊಬೈಲು. ಅದನ್ನು ಕೆಳಗಿಡುವವರನ್ನು ಕಾಯುತ್ತ ನಿಂತರೆ ನೀನು ನಮ್ಮ ಕಾಲದವರೆಗೂ ನಿಂತಿರಬೇಕಾಗುತ್ತದೆ.

ಉಳಿದದ್ದು ಮುಂದಿನ ಪುಟಗಳಲ್ಲಿದೆ. ಊಟದ ಹೊತ್ತಿಗೆ ನಿನ್ನ ಪಕ್ಕದಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಮೊಸರನ್ನದ ತಟ್ಟೆ ಹಿಡಿದು ನಿಂತಿರುತ್ತಾರೆ. ನೀಲಿ ಸೀರೆ, ಉಪ್ಪಿನಕಾಯಿಯನ್ನು ತಟ್ಟೆಯ ಅಂಚಿಗೆ ತಳ್ಳಿರುತ್ತಾರೆ. ಅವರು ತಟ್ಟೆ ಇಡಲಿ ಎಂದು ನೀನು ಕಾದೆ. ಅವರು ತಟ್ಟೆ ಹಿಡಿದೇ ಕೈ ತೊಳೆಯಲು ಹೋದರು, ಮರಳಿ ಬರಲಿಲ್ಲ. ಮರುದಿನ ಬಂದವರ ಪಟ್ಟಿಯಲ್ಲಿ ಅವರ ಫೋಟೋ ನೋಡಿದಾಗ ನಿನಗೆ ತಿಳಿಯಿತು: ಅವರ ಹೆಸರು ಸಬಿಹಾ. ಬಸುರಿಯ ಹೊಟ್ಟೆಯ ಗುಡುಗುಡು ಸದ್ದುಗಳ ನಡುವಿನಿಂದ ಮಗುವಿನ ಎದೆಬಡಿತವನ್ನು ಮಾತ್ರ ಹೆಕ್ಕಿ ಕೇಳಿಸುವ ಯಂತ್ರ ಮಾಡಿದವರು. ನಿನಗೆ ಬೇಕಾದ ವಿದ್ಯೆ ನಿನ್ನಿಂದ ಒಂದು ಮೊಳ ದೂರದಲ್ಲಿ ಮೊಸರನ್ನ ತಿನ್ನುತ್ತಿತ್ತು. ನಾಚಿಕೆಯಿಂದ ನೀನು ಅವರಿಗೆ ಬರೆಯಲಿಲ್ಲ. ಹನ್ನೊಂದು ವರ್ಷದ ಮೇಲೆ ಬರೆದೆ. ನಾಲ್ಕೇ ತಿಂಗಳಲ್ಲಿ ಇಬ್ಬರೂ ಸೇರಿ ಡಬ್ಬಿ ಮುಗಿಸಿದಿರಿ.

ನನ್ನ ಮೊದಲ ಅನುಭವವನ್ನೂ ಹೇಳುತ್ತೇನೆ, ನಗಬೇಡ. ನಿಮ್ಮ ಸಮ್ಮಿಲನಕ್ಕೆ ನಾವು ಜೋಡುಮೇಳ ಎನ್ನುತ್ತೇವೆ. ಅಲ್ಲಿಗೆ ಪ್ರತಿಯೊಬ್ಬರೂ ತಮ್ಮ ನೆರಳಾಳನ್ನು ಕರೆದೊಯ್ಯುತ್ತಾರೆ. ನಮ್ಮ ಪರವಾಗಿ ಮಾತಾಡುವ, ಕಣ್ಣಿಗೆ ಕಾಣದ ಯಂತ್ರಬುದ್ಧಿ ಅದು. ನಾನು ಒಂದು ಇಡ್ಲಿ ತಿನ್ನುವಷ್ಟರಲ್ಲಿ ನನ್ನ ನೆರಳಾಳು ಆರು ಸಾವಿರ ಜನರನ್ನು ಪರಿಚಯ ಮಾಡಿಕೊಂಡಿತು. ಆ ವರ್ಷ ಜಿಲ್ಲೆಗೇ ನಾನು ಮೊದಲಿಗ. ಊರಲ್ಲಿ ಹಾರ ಹಾಕಿಸಿಕೊಂಡೆ. ಮರುವಾರ ಆ ಆರು ಸಾವಿರದಲ್ಲಿ ಒಬ್ಬನಿಗೂ ನನ್ನ ಮುಖ ಗೊತ್ತಿರಲಿಲ್ಲ. ಮುಂದಿನ ವರ್ಷ ಬುದ್ಧಿ ಕಲಿತು ನೆರಳಾಳನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಹೋದೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದೇನೆ. ನಿನ್ನ ಹತ್ತಿರ ಸುಳ್ಳೇಕೆ, ಚಾರ್ಜ್ ಮಾಡಲು ಮರೆತಿದ್ದೆ. ಮಾತಾಡುವವರಿಲ್ಲದೆ ಮೆಟ್ಟಿಲ ಮೇಲೆ ಕೂತಿದ್ದಾಗ ಪಕ್ಕದವನ ಚಪ್ಪಲಿಯ ಬಾರು ಕಿತ್ತಿತ್ತು. ಜೇಬಿನ ತಂತಿಯಿಂದ ಬಿಗಿದುಕೊಟ್ಟೆ. ‘ಚಪ್ಪಲಿ ರಿಪೇರಿ ಇಷ್ಟು ಕೆಟ್ಟದಾಗಿ ಮಾಡ್ತೀರಲ್ಲ, ಬೇರೆ ಏನ್ ಕೆಲಸ ಬರುತ್ತೆ ನಿಮಗೆ?’ ಎಂದು ಕೇಳಿದ. ಅವನೇ ಚೆಲುವಯ್ಯ. ಮೂವತ್ತು ವರ್ಷದಿಂದ ನಾವಿಬ್ಬರೂ ಜೇನುಗೂಡಿನ ಗುಂಯ್ ಸದ್ದು ಕೇಳಿ ರೋಗ ಹೇಳುವ ಡಬ್ಬಿ ಮಾಡುತ್ತಿದ್ದೇವೆ. ಅದು ನಿನ್ನ ಡಬ್ಬಿಯ ಮೊಮ್ಮಗಳು.

ಆದ್ದರಿಂದ ಮಾವನ ಮಾತು ಕೇಳು. ಶನಿವಾರ ಎರಡು ಕಾಯಿ ಹಿಡಿದು ಹೋಗು, ಒಂದು ಆಗಿರುವುದು, ಒಂದು ಆಗದಿರುವುದು. ಬಾಗಿಲಲ್ಲಿ ಯಾರಾದರೂ ‘ಏನಮ್ಮ, ಒಳಗೆ ಪೂಜೆ ಇದೆಯಾ’ ಎಂದರೆ ಹೌದೆಂದು ಒಳಗೆ ನಡೆ. ಬೇಗ ಹೋಗು, ಕುರ್ಚಿ ಜೋಡಿಸುತ್ತಿರುವವರ ಜೊತೆ ನಾಲ್ಕು ಕುರ್ಚಿ ಜೋಡಿಸು. ಅವರಿಗೆ ಬಂದವರೆಲ್ಲ ಗೊತ್ತಿರುತ್ತಾರೆ, ಯಾರು ಸದ್ದಿನ ಕೆಲಸ ಮಾಡುವವರು ಎಂದು ಕೇಳು. ಪುಸ್ತಕದಲ್ಲಿ ನೀನು ಮೂರು ಸಲ ತಿದ್ದಿ ಬರೆದ ಭಾಷಣ, ಆ ‘ತೆಂಗು ಕ್ಷೇತ್ರದಲ್ಲಿ ಕ್ರಾಂತಿ’ ಎಂದು ಶುರುವಾಗುವುದು, ಅದನ್ನು ಮನೆಯಲ್ಲೇ ಬಿಡು. ನನಗೇ ಆಕಳಿಕೆ ಬಂತು, ನಾನು ನಿನ್ನ ರಕ್ತ. ಎದುರಿನವರ ಕೈಗೆ ಎರಡು ಕಾಯಿ ಕೊಟ್ಟು ‘ಯಾವುದು ಆಗಿದೆ, ಹೇಳಿ ನೋಡೋಣ’ ಎನ್ನು. ಮೊಬೈಲು ಜೇಬಿಗಿಳಿಸದೆ ಎರಡು ಕಾಯಿ ಹಿಡಿಯುವ ಮನುಷ್ಯ ನಿಮ್ಮ ಕಾಲದಲ್ಲೂ ಹುಟ್ಟಿಲ್ಲ, ನಮ್ಮ ಕಾಲದಲ್ಲೂ ಹುಟ್ಟಿಲ್ಲ. ಅವರು ಅಲ್ಲಾಡಿಸಿ ಕೇಳುವಾಗ ನೀನು ಸುಮ್ಮನಿರು. ಆ ಮೌನ ನಿನಗೆ ಅಭ್ಯಾಸವಿರುವುದೇ. ಕಾಯಿ ನಿನ್ನ ಕೈಗೆ ವಾಪಸು ಬಂದಾಗ, ನಿಮ್ಮ ಮನೆಯ ನಿಯಮದ ಪ್ರಕಾರವೇ ಮಾತಿನ ಸರದಿ ನಿನ್ನದು.

ಸಬಿಹಾ ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳು: ‘ನಮ್ಮಜ್ಜನ ಕಿವಿ ಹೋಗ್ತಾ ಇದೆ. ಅಷ್ಟರೊಳಗೆ ಇದಕ್ಕೆ ಕೇಳೋದು ಕಲಿಸ್ಬೇಕು. ಯಂತ್ರದ ಸದ್ದು ಅಡ್ಡ ಬರ್ತಿದೆ.’ ಅಷ್ಟು ಸಾಕು. ಅವರ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಎಂದೂ ಕೇಳು, ನಿನಗೆ ಗೊತ್ತಿರುವುದೇನಾದರೂ ಅವರಿಗೆ ಬೇಕಿರಬಹುದು. ಅವರೊಬ್ಬರು, ಹೆಚ್ಚೆಂದರೆ ಇನ್ನಿಬ್ಬರು, ಅಷ್ಟು ಜನ ಸಿಕ್ಕರೆ ಆ ದಿನ ತುಂಬಿತು. ಬಸ್ಸಿನಲ್ಲಿ ಬರುವಾಗಲೇ ಅವರು ಹೇಳಿದ್ದನ್ನು ಅವರ ಕಾರ್ಡಿನ ಹಿಂದೆ ಬರೆದುಕೋ. ಸೋಮವಾರದೊಳಗೆ ಅವರಿಗೆ ಬರೆ. ಹನ್ನೊಂದು ವರ್ಷ ಬಿಡಬೇಡ.

ಇಷ್ಟೆಲ್ಲ ಬುದ್ಧಿ ಹೇಳುವುದು ನಿನಗಾಗಿ ಮಾತ್ರವಲ್ಲ, ನನಗೊಂದು ಸ್ವಾರ್ಥವಿದೆ. ನೀನು ಮಾಡಿದ ಮೊದಲ ಡಬ್ಬಿ ನನ್ನ ಮೇಜಿನ ಮೇಲಿದೆ, ಈಗಲೂ ನುಡಿಯುತ್ತದೆ. ಒತ್ತಿದರೆ ಕಾಯಿ ಅಲ್ಲಾಡುವ ಸದ್ದು ಬರುತ್ತದೆ, ಮೂರು ಸಲ. ಆಮೇಲೆ, ಅಜ್ಜ ಆಗಿದೆಯೋ ಇಲ್ಲವೋ ಹೇಳಬೇಕಾದ ಜಾಗದಲ್ಲಿ, ಏನೂ ಇಲ್ಲ. ಡಬ್ಬಿ ಮುಗಿಸಿ ಅಜ್ಜನ ಮುಂದಿಟ್ಟ ದಿನಕ್ಕೆ ಅವರ ಬಲಗಿವಿಯೂ ಹೋಗಿತ್ತು. ಆ ದಿನದ ಬಗ್ಗೆ ಪುಸ್ತಕದಲ್ಲಿ ನೀನು ಬರೆದಿದ್ದೀಯ: ‘ಅಜ್ಜ ಅಲ್ಲಾಡಿಸಿದರು, ಕಿವಿಗೆ ಹಿಡಿದರು, ಮತ್ತೆ ಹಿಡಿದರು. ಏನೂ ಹೇಳದೆ ಕಾಯಿಯನ್ನು ನನ್ನ ಕೈಗೆ ಕೊಟ್ಟರು.’

ಮುಂದೆ ಬೇರೆ ಜಾಣರ ಕಿವಿಯಿಂದ ಡಬ್ಬಿ ಕಲಿಯಿತು, ಹೆಸರು ಮಾಡಿತು, ನಮಗೆಲ್ಲ ಅನ್ನ ಕೊಟ್ಟಿತು. ಅದರಲ್ಲಿ ಮರುಳಪ್ಪಜ್ಜನ ಕಿವಿ ಇಲ್ಲ. ಈ ಕಾಗದ ತಲುಪಿದರೆ ನಿನ್ನ ಪುಸ್ತಕದ ಪುಟ ಬದಲಾಗುತ್ತದೋ, ನನ್ನ ನೆನಪೇ ಬದಲಾಗುತ್ತದೋ ನಾನರಿಯೆ. ಆ ಗಂಟು ಬಿಡಿಸಲು ಹೆಚ್ಚು ಓದಿದವರಿದ್ದಾರೆ. ನನಗೆ ಬೇಕಾದದ್ದು ಒಂದೇ ಮಾತು. ಅಜ್ಜನನ್ನು ಡಬ್ಬಿಯ ಮುಂದೆ ಕೂರಿಸಿದ ದಿನ, ಅವರು ಕಾಯಿ ಕೆಳಗಿಡುವವರೆಗೂ ಅದನ್ನು ಆರಿಸಬೇಡ.

ನಾಳೆ ಬೆಳಿಗ್ಗೆ ಕಾಫಿ ಆದ ಮೇಲೆ ಡಬ್ಬಿಯನ್ನು ಮತ್ತೆ ಒತ್ತುತ್ತೇನೆ. ಚೆಲುವಯ್ಯನನ್ನೂ ಬರಹೇಳಿದ್ದೇನೆ, ಅವನ ಬಾಯಿ ಮುಚ್ಚಿಸಿ ಕೂರಿಸುವುದು ನನ್ನ ಜವಾಬ್ದಾರಿ. ಮೂರು ಸಲ ಕಾಯಿ ಅಲ್ಲಾಡಿದ ಮೇಲೆ, ನಾನು ಒಮ್ಮೆಯೂ ಕೇಳದ ದನಿಯೊಂದು ‘ಆಗೈತೆ ಕಣವ್ವ’ ಎಂದರೆ, ನೀನು ತುಮಕೂರಿನಲ್ಲಿ ಮಾತಾಡಿದೆ ಎಂದು ತಿಳಿಯುತ್ತೇನೆ.

ಕಿವಿಗೊಟ್ಟು ಕೂತಿರುವ,
ನಿನ್ನ ಮಾವ, ನಿನ್ನ ಮುತ್ತಜ್ಜಿತನಕ್ಕೆ ತಲೆಬಾಗಿ,
ಪಂಚಾಕ್ಷರಿ