ಕಪ್ಪು ಪ್ಯಾಂಟು, ಬಿಳಿ ದಾರ

ಮಾರ್ಚ್ 3, ಭಾನುವಾರ

ಆರಾಧನೆ ಮುಗಿಯಿತು. ಪಾಸ್ಟರ ಕೈಗೆ ಭೇಟಿ ಪಟ್ಟಿ ಕೊಟ್ಟೆ. ಸಭೆಯಲ್ಲಿ ಒಬ್ಬೊಬ್ಬರಿಗೆ ಮೂರು ಮನೆ: ತಿಂಗಳಿಗೊಮ್ಮೆ ಹೋಗಬೇಕು, ವಿಚಾರಿಸಬೇಕು, ಬರೆಯಬೇಕು. ಮೂರಕ್ಕೂ 'ಕ್ಷೇಮ' ಎಂದು ಬರೆದೆ. ಅದರಲ್ಲೊಂದು ಟೈಲರಕ್ಕನ ಮನೆ; ಅಲ್ಲಿಗೆ ಹೋಗಿದ್ದು ಕರೆಂಟ್ ಮೀಟರ್ ಓದಲು, ಡ್ಯೂಟಿ ಮೇಲೆ. ಹೊರಗಿನಿಂದಲೇ "ಚೆನ್ನಾಗಿದ್ದೀರಾ?" ಎಂದೆ. "ಇದ್ದೀನಿ ಕಣೋ" ಎಂದರು. ಹೋದ ಪುಟ್ಟ, ಬಂದ ಪುಟ್ಟ.

ಅಕ್ಕ ಎರಡು ತಿಂಗಳಿಂದ ಆರಾಧನೆಗೆ ಬಂದಿಲ್ಲ. ಹಾಡುವ ತಂಡಕ್ಕೆ ರೆಡಿಮೇಡ್ ನಿಲುವಂಗಿ ತರಿಸಿದ್ದಕ್ಕೆ ಮುನಿಸಂತೆ. ಎಲ್ಲರೂ ಹಾಗೇ ಹೇಳುತ್ತಾರೆ.

ಏಪ್ರಿಲ್ 2

ಟೈಲರಕ್ಕ: 96 ಯೂನಿಟ್. ಜನವರಿಯಲ್ಲಿ 38. ಒಂಟಿ ಹೆಂಗಸು, ಕಾಲಲ್ಲಿ ತುಳಿಯುವ ಮಿಷನ್... ಮೀಟರೇ ಕೆಟ್ಟಿರಬೇಕು. ಆಫೀಸಿಗೆ ಬರೆದೆ. ಹೊಸ ಕಪ್ಪು ಪ್ಯಾಂಟು ಉದ್ದ ಇತ್ತು, ಮಡಚಿ ಹೊಲಿಯಲು ಬಾಗಿಲಲ್ಲೇ ಕೊಟ್ಟೆ. ಪಟ್ಟಿಯಲ್ಲಿ: ಕ್ಷೇಮ.

ಏಪ್ರಿಲ್ 9

ಪ್ಯಾಂಟು ಬಂತು. ಕಪ್ಪು ಬಟ್ಟೆಗೆ ಬಿಳಿ ದಾರ! ನಿಲುವಂಗಿಯ ಮುನಿಸು ನನ್ನ ಪ್ಯಾಂಟಿನ ಮೇಲೆಯೇ? ತರಿಸಿದವನು ನಾನೇ? ಜಗಳಕ್ಕೆಂದೇ ಹೋದೆ. ಮೊದಲ ಸಲ ಒಳಗೆ ಕಾಲಿಟ್ಟೆ.

ಮಟಮಟ ಮಧ್ಯಾಹ್ನ. ಕಿಟಕಿ ತುಂಬ ಬಿಸಿಲು. ಆದರೂ ಮಿಷನ್ ಮೇಲೆ ಮೂರು ದೊಡ್ಡ ಬಲ್ಬು ಉರಿಯುತ್ತಿದ್ದವು.

"ಹೇಗಿದೆ? ದಾರ ಹೊಂದ್ತಾ?" ಬಾಗಿಲ ಕಡೆ ತಿರುಗಿ ಕೇಳಿದರು. ನಾನು ನಿಂತಿದ್ದು ಕಿಟಕಿಯ ಹತ್ತಿರ.

"ಹೊಂದಿದೆ ಅಕ್ಕ."

ಮುಖ ಅರಳಿತು. "ಹಾಗಾದ್ರೆ ಕೈ ಇನ್ನೂ ನಡೀತದೆ. ಸ್ವಲ್ಪ ಮಂಜು ಮಂಜು, ಅಷ್ಟೇ. ಸಭೇಲಿ ಯಾರಿಗೂ ಹೇಳ್ಬೇಡ. ಗೊತ್ತಾದ್ರೆ ಒಬ್ರೂ ಬಟ್ಟೆ ಕೊಡಲ್ಲ. ಹಾಡಿನ ಪುಸ್ತಕ ಸುಮ್ನೆ ಹಿಡ್ಕೊಂಡು ಕೂರೋಕೆ ನಾಚಿಕೆ ಕಣೋ, ಅದಕ್ಕೇ ಬರ್ತಿಲ್ಲ."

"ಡಾಕ್ಟರಿಗೆ ತೋರಿಸಿದ್ರಾ?"

"ದಾರ ಹೊಂದಿದೆ ಅಂದ್ಯಲ್ಲ! ಡಾಕ್ಟರು ಯಾಕೆ?"

ಮೀಟರು ಸರಿಯಾಗೇ ಇತ್ತು.

ಮೇ 5, ಭಾನುವಾರ

ನಾಲ್ಕನೇ ಭಾನುವಾರ ಅದೇ ಪ್ಯಾಂಟು. ಹೇಳಿದ ಸುಳ್ಳಿಗೆ ಅಷ್ಟಾದರೂ ಮರ್ಯಾದೆ ಇರಲಿ ಅಂತ. ಒಬ್ಬರೂ ಗಮನಿಸಿಲ್ಲ.

ಪಟ್ಟಿ ಖಾಲಿ ಕೊಟ್ಟೆ.

"ಯಾಕಪ್ಪಾ, ಹೋಗ್ಲಿಲ್ವಾ?" ಎಂದರು ಪಾಸ್ಟರು.

"ಹೋಗಿದ್ದೆ. ಏನು ಬರೀಬೇಕೋ ಗೊತ್ತಾಗ್ತಿಲ್ಲ."

"ಬರೆಯೋದು ಹಾಗಿರಲಿ. ಇನ್ನೊಂದ್ಸಲ ಹೋಗು."

ಮೇ 6

ಪ್ಯಾಂಟನ್ನು ಅಕ್ಕನ ಮಡಿಲಲ್ಲಿ ಇಟ್ಟೆ. "ಸುಳ್ಳು ಹೇಳಿದ್ದೆ ಅಕ್ಕ. ಬಿಳಿ ದಾರ."

ಹೊಲಿಗೆಯ ಮೇಲೆ ಬೆರಳಾಡಿಸಿದರು. "ನೇರ ಇದೆ."

"ನೇರ ಇದೆ."

"ಹಾಕ್ಕೊಂಡು ಹೋದ್ಯಾ?"

"ನಾಲ್ಕು ಭಾನುವಾರ."

ಭುಜಕ್ಕೆ ಬಿತ್ತು ಏಟು. "ನನ್ನ ಮಾನ ಕಳೆದ್ಯಲ್ಲೋ ಮುಠ್ಠಾಳ!" ಆಮೇಲೆ ಅತ್ತರು. ನನಗೂ ತಡೆಯಲಾಗಲಿಲ್ಲ. ಒಂದೊಂದಾಗಿ ಬಲ್ಬು ಆರಿಸಿದೆ. ಚಪ್ಪಲಿ ಹುಡುಕಿಕೊಟ್ಟೆ. ಕಣ್ಣಾಸ್ಪತ್ರೆ ನಾಲ್ಕಕ್ಕೆ ಮುಚ್ಚುತ್ತದೆ.

ಪೊರೆ. ಎರಡೂ ಕಣ್ಣಿಗೆ. ತೆಗೆದರೆ ಕಾಣಬಹುದು, ತಡವಾಗಿದೆ, ಖಚಿತ ಹೇಳಲಾಗದು ಎಂದರು ಡಾಕ್ಟರು.

ಮೇ 21

ಬಲಗಣ್ಣಿನ ಆಪರೇಷನ್ ಆಯಿತು. ಪಾಸ್ಟರು ಹೊರಗೆ ಬೆಂಚಿನಲ್ಲಿ ಪ್ರಾರ್ಥಿಸಿದರು. ನಾನು ರಜೆ ಚೀಟಿ ಬರೆದೆ.

"ಯಾರ ಮುಂದೇನೂ ಮುಚ್ಚಿಡಲ್ಲ ಇನ್ಮೇಲೆ" ಎಂದರು ಅಕ್ಕ. ನನಗೆ ಭಯವಾಗಿದೆ.

ಮೇ 22, ಬೆಳಗ್ಗೆ 9.15

ಆಸ್ಪತ್ರೆಯಲ್ಲೇ ಬರೆಯುತ್ತಿದ್ದೇನೆ. ಬೇಕೆಂದೇ ಆ ಪ್ಯಾಂಟು ಹಾಕಿಕೊಂಡು ಬಂದೆ. ಕಂಡರೆ ಮೊದಲು ಇದನ್ನೇ ನೋಡಿ ಬೈಯಲಿ.

ನರ್ಸು ಕಣ್ಣಿನ ಪಟ್ಟಿ ಬಿಚ್ಚುತ್ತಿದ್ದಾರೆ. ಅಕ್ಕ ರೆಪ್ಪೆ ಬಡಿದರು. ಗೋಡೆ ನೋಡಿದರು. ತಲೆ ಬಗ್ಗಿಸಿ ನನ್ನ ಕಾಲಿನ ಕಡೆ—