ಹಸಿವಿಲ್ಲದ ಊರಿನಲ್ಲಿ ಹಸಿದು ಕೂತವಳು

ಕ್ರಿ.ಶ. ೨೩೧೭, ಫೆಬ್ರವರಿ ೩೦
ಬಳ್ಳಾರಿ ಸೀಮೆ, ಹಳೆ ಗಣಿಯ ತಳದ ಊರು

ನನ್ನ ಹಿಂದಿನವರಿಗೆ ಹಂಪವ್ವ ಮಾಡುವ ನಮಸ್ಕಾರ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ, ಗೊತ್ತು. ನಮ್ಮದರಲ್ಲಿ ಇದೆ. ನನ್ನ ಮಾತೂ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು, ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇದೊಂದಕ್ಕೇ.

ನಮ್ಮ ಊರನ್ನು ಕಟ್ಟಿದವರು ಮಹಾಕ್ಷಾಮದಲ್ಲಿ ಬದುಕಿ ಉಳಿದವರು. ಹಾಗಾಗಿ ಇಲ್ಲಿ ಹಸಿದಿರುವುದೇ ಅಪರಾಧ. ನೀವು ನೀರಿಗೆ ಇಟ್ಟಂತೆ ನಾವು ಬೀದಿಬೀದಿಗೆ ಗಂಜಿಯ ನಲ್ಲಿ ಇಟ್ಟಿದ್ದೇವೆ. ಪ್ರತಿಯೊಬ್ಬರ ಸೊಂಟದಲ್ಲೂ ತುತ್ತುಚೀಲ, ಅಂದರೆ ಬೆಲ್ಲದ ಗುಳಿಗೆಗಳ ಪುಟ್ಟ ಸಂಚಿ, ಇರುತ್ತದೆ. ಯಾರ ಮುಖ ಬಾಡಿದರೂ ಹತ್ತಿರವಿದ್ದವರು ಹೇಳದೆ ಕೇಳದೆ ಅವರ ಬಾಯಿಗೆ ಒಂದು ಗುಳಿಗೆ ತುರುಕಬೇಕು. ಮದುವೆಯಲ್ಲಿ ತಾಳಿಗಿಂತ ಮೊದಲು ಗಂಡು ಹೆಣ್ಣು ಒಬ್ಬರ ಚೀಲ ಇನ್ನೊಬ್ಬರು ತುಂಬುತ್ತಾರೆ. ಒಳ್ಳೆಯ ಪದ್ಧತಿಯೇ. ಆ ಒಳ್ಳೆಯತನವೇ ನನ್ನ ಕಾಯಿಲೆಯನ್ನು ವರ್ಷಗಟ್ಟಲೆ ಮುಚ್ಚಿಟ್ಟಿತು.

ಉಣ್ಣುವುದು ತಡವಾದರೆ ನಾನು ನಾನಾಗಿರುವುದಿಲ್ಲ. ಬೆವರುತ್ತೇನೆ, ನಡುಗುತ್ತೇನೆ, ಗಂಡ ಕೊಟ್ರಪ್ಪನನ್ನೇ ಯಾರು ನೀನು ಎಂದು ಬೈಯುತ್ತೇನೆ. ಬೆಲ್ಲ ಬಿದ್ದರೆ ಬಂಗಾರದಂಥ ಹೆಂಗಸು. ಊರಿನ ಸಭೆ ನನಗೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿ, ಬರುವ ವಾರ ಶಾಂತಿಮನೆಗೆ, ಅಂದರೆ ಹುಚ್ಚರನ್ನು ಕೂಡಿಹಾಕುವ ಮನೆಗೆ, ಹಾಕಲು ಹೊರಟಿದೆ. ಅಲ್ಲಿಗೆ ಹೋದವರು ಯಾರೂ ಮನೆಗೆ ಮರಳಿಲ್ಲ.

ವೈದ್ಯೆ ಮೆಹರುನ್ನೀಸಾ ಮಾತ್ರ ಒಪ್ಪಲಿಲ್ಲ. ಮೇದೋಜ್ಜೀರಕ ಗ್ರಂಥಿಯಲ್ಲಿ ಕಡಲೆಕಾಳಿನಷ್ಟು ಗಡ್ಡೆಯೊಂದು ಬೇಕಿರಲಿ ಬೇಡವಿರಲಿ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಸುರಿಯುತ್ತಿರಬಹುದು ಎಂದಳು. ಅದನ್ನು ಹಿಡಿಯುವ ದಾರಿ ನಿಮ್ಮ ಕಾಲದ್ದೇ: ವೈದ್ಯರ ಕಣ್ಣೆದುರು ಉಪವಾಸ. ಸಕ್ಕರೆ ಪಾತಾಳಕ್ಕಿಳಿದ ಹೊತ್ತಿನಲ್ಲೂ ರಕ್ತದಲ್ಲಿ ಇನ್ಸುಲಿನ್ ಇಳಿಯದಿದ್ದರೆ ಕಳ್ಳ ಸಿಕ್ಕಿಬಿದ್ದ. ಆಮೇಲೆ ಅದು ಎಲ್ಲಿ ಅಡಗಿದೆಯೆಂದು ಚಿತ್ರ ತೆಗೆದು ನೋಡಿ, ಕೊಯ್ದು ತೆಗೆದರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ.

ಹೋದ ತಿಂಗಳು ಹಾಗೆ ಉಪವಾಸ ಕೂತೆ. ಮೆಹರುನ್ನೀಸಾ ಆಚೆ ತಿರುಗಿದಾಗಲೆಲ್ಲ, ನನ್ನ ಮುಖ ಬಾಡಿತೆಂದು, ಕೊಟ್ರಪ್ಪ ಗುಳಿಗೆ ತುರುಕುತ್ತಿದ್ದ. ಅರೆಮಂಪರಿನಲ್ಲಿ ನಾನೂ ನುಂಗಿದೆ. ಸಕ್ಕರೆ ಇಳಿಯಲೇ ಇಲ್ಲ. “ನೋಡಿದ್ಯೇನವಾ, ನಿಂಗ ರೋಗ ಇಲ್ಲ, ಬರೇ ಸೊಕ್ಕು,” ಎಂದರು ಸಭೆಯ ಹಿರಿಯರು.

“ಸೊಕ್ಕು ಐತ್ರಿ. ಅದಕ್ಕ ಮತ್ತ ಕುಂದರ್ತೀನಿ,” ಎಂದೆ.

ಮನೆಗೆ ಬಂದು ಕೊಟ್ರಪ್ಪನಿಗೂ ಮಂಗಳಾರತಿ ಎತ್ತಿದೆ. “ನಿನ್ನ ಮಾರಿ ನೋಡಿ ಕೈ ತಡೀಲಿಲ್ಲ ಹಂಪಿ,” ಎಂದು ಅತ್ತ. ಪ್ರೀತಿಗೂ ಒಂದು ಮಿತಿ ಬೇಡವೇ? ಅತ್ತವನನ್ನು ಕಂಡು ನನಗೂ ಕರುಳು ಚುರ್ರೆಂದಿತು, ಅದು ಬೇರೆ ಮಾತು.

ಈ ಸಲ ಸಭೆ ಅಪ್ಪಣೆ ಕೊಡಲಿಲ್ಲ. ಅವರ ಅಪ್ಪಣೆ ಯಾರಿಗೆ ಬೇಕು? ಅವರ ಜಗಲಿಯ ಮೇಲೆಯೇ ಹಾಡುಹಗಲು ಕೂತಿದ್ದೇನೆ. ಕದ್ದು ಉಂಡಳೆಂದು ನಾಳೆ ಯಾರೂ ಅನ್ನುವಂತಿಲ್ಲ. ಮೆಹರುನ್ನೀಸಾ ಪಕ್ಕದಲ್ಲಿದ್ದಾಳೆ.

ನಿಮ್ಮಲ್ಲಿ ಯಾರಾದರೂ ಹಸಿದಾಗ ಹುಚ್ಚರಂತಾಗಿ, ಉಂಡ ಮೇಲೆ ಸರಿಹೋಗುತ್ತಿದ್ದರೆ ಸಿಹಿ ಕೊಡಿ, ಖಂಡಿತ ಕೊಡಿ. ಆದರೆ ಅಲ್ಲಿಗೇ ಕೈ ತೊಳೆದುಕೊಳ್ಳಬೇಡಿ. ಅವರ ಗುಣವೇ ಅಷ್ಟು ಎಂದು ಮೂಲೆಗೆ ತಳ್ಳಬೇಡಿ. ವೈದ್ಯರ ಬಳಿಗೆ ಕರೆದೊಯ್ಯಿರಿ.

ಅಕ್ಷರಗಳು ಎರಡೆರಡಾಗಿ ಕಾಣುತ್ತಿವೆ. ಹಿರಿಯರು ಗುಳಿಗೆ ಹಿಡಿದು ಇತ್ತಲೇ ಓಡಿ ಬರುತ್ತಿದ್ದಾರೆ. ಕೊಟ್ರಪ್ಪ ತೋಳು ಚಾಚಿ ಅಡ್ಡ ನಿಂತಿದ್ದಾನೆ, ಅಳುತ್ತಲೇ ನಿಂತಿದ್ದಾನೆ.

“ಮೊದ್ಲ ರಕ್ತ ತಗೀಲಿ. ಆಮ್ಯಾಲ ಬೆಲ್ಲ,” ಎನ್ನುತ್ತಿದ್ದಾನೆ.

ಮೆಹರುನ್ನೀಸಾಳ ಸೂಜಿ ಒಳಗೆ ಹೋಯಿತು.