ಅಪ್ಪ ಬಿಚ್ಚಿ ನೋಡದ ಜಾಯಿಂಟು

ಮನೆಯಿಂದ,
ಭಾನುವಾರ, ಬೆಳಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬಾಯ್ಲರಿನ ಕಾವಿಗೆ ಕಣ್ಣು ಉರಿಯುತ್ತದೆ ಎಂದಿದ್ದೆಯಲ್ಲ, ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ಅಮ್ಮನ ಕನ್ನಡಕ ಇನ್ನೂ ಕಿಟಕಿಯ ಹತ್ತಿರವೇ ಇದೆ. ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತೇನೆ. ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ನೀನು ಎರಡು ಮಾತಿಗೆ "ಆಮೇಲೆ ಮಾಡ್ತೀನಿ ಕಣೇ" ಎಂದು ಇಟ್ಟುಬಿಡುತ್ತೀಯ. ನಿಮ್ಮ ಕಾರ್ಖಾನೆಗೆ ವಾಲ್ವ್ ತರುವ ಲಾರಿಯ ಡ್ರೈವರ್ ಇವತ್ತು ಹೊರಟು ರಾತ್ರಿಯೊಳಗೆ ಅಲ್ಲಿಗೆ ಮುಟ್ಟುತ್ತಾನಂತೆ. ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಅಪ್ಪನ ಹೊಟ್ಟೆಯ ದೊಡ್ಡ ರಕ್ತನಾಳ ಬಲೂನಿನಂತೆ ಊದಿಕೊಂಡಾಗ ಡಾಕ್ಟರು ತೊಡೆಯ ಸಂದಿಯಿಂದ ಬಟ್ಟೆಯ ಕೊಳವೆ ಏರಿಸಿ ಕೂರಿಸಿದ್ದರಲ್ಲ, ಸ್ಟೆಂಟ್ ಗ್ರಾಫ್ಟ್ ಎಂದು. ವರ್ಷಕ್ಕೊಮ್ಮೆ ಸ್ಕ್ಯಾನ್ ತಪ್ಪಿಸಬೇಡಿ ಎಂದಿದ್ದರು. ಅಪ್ಪ ಒಪ್ಪುವವರೇ? ಜೀವಮಾನವೆಲ್ಲ ಪೈಪ್ ಕೂರಿಸಿದವರು. ತಾನು ಬಿಗಿದ ಜಾಯಿಂಟನ್ನು ಮತ್ತೆ ಹೋಗಿ ನೋಡುವುದೇ ಅವಮಾನ ಅವರಿಗೆ. "ಬಿಚ್ಚಿ ನೋಡೋದ್ರಿಂದ್ಲೇ ಸೋರೋಕೆ ಶುರುವಾಗೋದು" ಎನ್ನುತ್ತಿದ್ದರು. ಅಮ್ಮನಿಗೆ ಅವರ ಗುಟ್ಟು ಗೊತ್ತಿತ್ತು. "ನನ್ನ ಕಣ್ಣು ತೋರಿಸ್ಬೇಕು, ಒಬ್ಳೇ ಹೋಗೋಕೆ ಭಯ, ಬನ್ನಿ" ಎಂದು ಹೊರಡಿಸಿಕೊಂಡು ಹೋಗಿ, ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಅವರನ್ನು ಸ್ಕ್ಯಾನ್ ಕೋಣೆಗೆ ನೂಕುತ್ತಿದ್ದಳು. ಪ್ರತಿ ವರ್ಷವೂ ಅದೇ ನೆಪ, ಪ್ರತಿ ವರ್ಷವೂ ಅಪ್ಪ ಮೋಸಹೋದಂತೆ ಗೊಣಗುವುದು. ಅಮ್ಮ ಹೋದ ಮೇಲೆ ಆ ನೆಪವೂ ಹೋಯಿತು, ಸ್ಕ್ಯಾನೂ ನಿಂತಿತು.

ಹೋದ ವಾರ ಬೆನ್ನುನೋವು ಎಂದು ಮಲಗಿದರು. ಹೆದರಿ ಎಳೆದುಕೊಂಡು ಹೋದೆ. ಡಾಕ್ಟರು ಚಿತ್ರ ತೋರಿಸಿದರು. ಬೂದು ಬಣ್ಣದ ಕೊಳವೆ, ಕೆಳಗೆ ಎರಡು ಕಾಲು. ಅಪ್ಪ ನೋಡಿ, "ಏನ್ ಡಾಕ್ಟ್ರೇ, ನನ್ನ ಹೊಟ್ಟೆಗೇ ಪೈಜಾಮ ತೊಡಿಸಿದ್ದೀರಲ್ಲ!" ಎಂದರು. ಡಾಕ್ಟರು ನಗಲಿಲ್ಲ.

ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಅಪ್ಪನಿಗೆ ಹಾಕಿರುವುದು ಸ್ಪ್ರಿಂಗಿನ ಬಗೆಯದು. ಒಳಗೆ ಬಿಟ್ಟ ಕೂಡಲೇ ತಾನಾಗಿ ಅರಳಿ, ನಾಳದ ಗೋಡೆಯನ್ನು ಒತ್ತಿ ಹಿಡಿದುಕೊಳ್ಳುತ್ತದೆ. ಜಾರದಿರುವುದು ಆ ಒತ್ತಡದಿಂದಲೇ. ಆದರೆ ಅದು ಒತ್ತುವುದನ್ನು ಬಿಡುವುದೇ ಇಲ್ಲ; ಕೆಲವರಲ್ಲಿ ಊತಕ್ಕಿಂತ ಮೇಲೆ ಕೊಳವೆ ಹಿಡಿದಿರುವ ಜಾಗ, ನಾಳದ ಕುತ್ತಿಗೆ ಅನ್ನುತ್ತಾರೆ, ವರ್ಷ ಕಳೆದಂತೆ ಹಿಗ್ಗುತ್ತದೆ. ಇನ್ನೊಂದು ಬಗೆಯಲ್ಲಿ ಮೇಲ್ತುದಿಗೆ ಉಂಗುರವಿದ್ದು, ಅದರೊಳಗೆ ತುಂಬಿದ ದ್ರವ ಗಟ್ಟಿಯಾಗಿ ನಾಳದ ಅಳತೆಗೆ ಕೂತುಬಿಡುತ್ತದಂತೆ, ಆಮೇಲೆ ಒತ್ತುವುದಿಲ್ಲ. ಅದರಲ್ಲಿ ಕುತ್ತಿಗೆ ಅಷ್ಟು ಹಿಗ್ಗುವುದಿಲ್ಲ ಎನ್ನುತ್ತಾರಂತೆ. ಹಾಗಾದರೆ ಅದನ್ನೇ ಯಾಕೆ ಹಾಕಲಿಲ್ಲ ಎಂದು ಜಗಳಕ್ಕೇ ನಿಂತೆ. ಅದಕ್ಕೂ ಅದರದೇ ತೊಂದರೆಗಳಿವೆ, ಆಗ ಇವರ ನಾಳದ ಆಕಾರಕ್ಕೆ ಹೊಂದಿದ್ದು ಇದು, ಯಾವುದನ್ನು ಹಾಕಿದ್ದರೂ ನೋಡುತ್ತಿರಲೇಬೇಕಿತ್ತು ಎಂದರು. ಅಪ್ಪನ ಕಡೆ ತಿರುಗಿ, "ಯಜಮಾನ್ರೇ, ಕಬ್ಬಿಣದ ಪೈಪು ಹಿಗ್ಗಲ್ಲ. ಇದು ಜೀವ ಇರೋ ಪೈಪು" ಎಂದರು.

ಈಗ ಅಪ್ಪನ ನಾಳದ ಆ ಕುತ್ತಿಗೆ ಹಿಗ್ಗಿ, ಕೊಳವೆ ಸ್ವಲ್ಪ ಕೆಳಗೆ ಜಾರಿದೆ. ಪಕ್ಕದಿಂದ ರಕ್ತ ನುಗ್ಗಿ ಹಳೆಯ ಊತ ಮತ್ತೆ ಬೆಳೆಯುತ್ತಿದೆ. ಮೇಲೆ ಇನ್ನೊಂದು ತುಂಡು ಸೇರಿಸಬೇಕು. ತಡಮಾಡಿದರೆ ಒಡೆಯಬಹುದು, ಒಡೆದರೆ ಆಸ್ಪತ್ರೆ ಮುಟ್ಟುವುದೂ ಕಷ್ಟ. ಗುರುವಾರ ಆಪರೇಷನ್ನಿಗೆ ಸಮಯ ಹಿಡಿದಿಟ್ಟಿದ್ದಾರೆ. ಅಪ್ಪ ಮಾತ್ರ "ನೋಡೋಣ" ಎಂದು ಎದ್ದು ಬಂದರು. ಮನೆಯಲ್ಲಿ ನೀರಿನ ಕ್ಯಾನ್ ಎತ್ತಲು ಹೋಗುತ್ತಾರೆ, ನಾನು ಕಿರುಚುತ್ತೇನೆ. ಅವರು ಕೆಮ್ಮಿದರೆ ನನ್ನ ಕೈಯಲ್ಲಿದ್ದ ಪಾತ್ರೆ ಬೀಳುತ್ತದೆ. ಬಾತ್‌ರೂಮಿನಲ್ಲಿ ನೀರಿನ ಸದ್ದು ನಿಂತರೆ ಬಾಗಿಲ ಹೊರಗೆ ಹೋಗಿ ನಿಲ್ಲುತ್ತೇನೆ. ನಿನ್ನೆ ಒಳಗಿನಿಂದಲೇ, "ಇನ್ನೂ ಇದ್ದೀನಿ, ಹೋಗು ಮಾರಾಯ್ತಿ" ಎಂದರು.

ಅತ್ತಿಗೆಗೆ ನನ್ನ ನೆನಪು ಹೇಳು. ಮಕ್ಕಳಿಗೆ ಮುತ್ತು. ನಿನ್ನ ಆರೋಗ್ಯ ನೋಡಿಕೋ.

ನಿನ್ನ ತಂಗಿ

ತಾ.ಕ.: ಲಾರಿ ಬಂದಿದೆ, ಬೇಗ ಬರೆಯುತ್ತೇನೆ. ಈ ಕಾಯಿಲೆ ರಕ್ತಸಂಬಂಧಿಗಳಿಗೂ ಬರಬಹುದು, ಗಂಡುಮಕ್ಕಳಿಗೆ, ಅದರಲ್ಲೂ ಸಿಗರೇಟು ಸೇದುವವರಿಗೆ ಹೆಚ್ಚು, ಮಗನನ್ನೂ ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ನಾನು ಮಾಡಿಸಿಕೊಂಡೆ, ಏನೂ ಇಲ್ಲ. ಈಗ ಈ ಕಾಗದ ಮಡಿಸುವಾಗ ಅಪ್ಪ ಬಂದು ನಿಂತು, "ಅವ್ನು ಹೊಟ್ಟೆ ಸ್ಕ್ಯಾನ್ ಮಾಡಿಸ್ಕೊಂಡು ಫೋನ್ ಮಾಡ್ಲಿ, ಅವತ್ತೇ ನಾನು ಆಸ್ಪತ್ರೆ ಸೇರ್ತೀನಿ. ಅವ್ನು ಹೋಗ್ದೆ ನಾನೂ ಹೋಗಲ್ಲ. ಒಬ್ನೇ ಹೋಗೋಕೆ ಭಯ ಅಂತ ಬರಿ" ಎಂದರು. ಹೇಳುವಾಗ ಅಮ್ಮನ ಕನ್ನಡಕ ಅವರ ಕೈಯಲ್ಲಿತ್ತು. ನಾಳೆಯೇ ಹೋಗು, ಅಣ್ಣಾ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಒಳಗೆ ಅಪ್ಪ ಕೆಮ್ಮುತ್ತಿದ್ದಾರೆ.